ಮೂವತ್ತೊಂದು ಸೆಂಟಿನ ಖಾತೆ

ಪ್ರೌಢಶಾಲೆಯಲ್ಲಿ ನನ್ನಿಂದ ಚರಿತ್ರೆಯ ಪಾಠ ಕೇಳಿದವರಿಗೆ ನೆನಪಿರಬಹುದು. ಅಮೆರಿಕದ ಅಂತರ್ಯುದ್ಧದ ಪಾಠ ಲಿಂಕನ್ನರ ಹತ್ಯೆಯೊಂದಿಗೆ ಮುಗಿಯುತ್ತಿತ್ತು. 1865ರಲ್ಲಿ ಗುಲಾಮಗಿರಿ ರದ್ದಾಯಿತು ಎಂಬ ವಾಕ್ಯದ ಕೆಳಗೆ ಗೆರೆ ಎಳೆದು ನಾವು ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದೆವು. ಬಿಡುಗಡೆ ಹೊಂದಿದ ಸುಮಾರು ನಲವತ್ತು ಲಕ್ಷ ಜನ ಮರುದಿನ ಬೆಳಿಗ್ಗೆ ಎಲ್ಲಿ ದುಡಿದರು, ಬಂದ ಕೂಲಿಯನ್ನು ಎಲ್ಲಿಟ್ಟರು, ಮನೆಯಲ್ಲಿ ಸಾವಾದರೆ ಹೂಳುವ ಖರ್ಚಿಗೆ ಯಾರ ಬಾಗಿಲು ತಟ್ಟಿದರು ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆಯಾಗಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ದೊರೆತ ಒಬ್ಬ ಮಹಿಳೆಯ ಕಥೆಯನ್ನು ಇಲ್ಲಿ ಹೇಳುತ್ತೇನೆ. ಆಕೆಯೂ ಉಪಾಧ್ಯಾಯಿನಿಯಾಗಿದ್ದವಳು ಎಂಬುದು ನನ್ನ ಪಕ್ಷಪಾತಕ್ಕೆ ಒಂದು ಕಾರಣ.

ಕಥೆಗೆ ಮೊದಲು ಒಂದು ಹಳೆಯ ಗಾಯವನ್ನು ತಿಳಿಯಬೇಕು. ಗುಲಾಮಗಿರಿ ಅಳಿದ ವರ್ಷವೇ ಅಮೆರಿಕದ ಸಂಸತ್ತು ಬಿಡುಗಡೆಗೊಂಡವರ ಉಳಿತಾಯಕ್ಕಾಗಿ ಫ್ರೀಡ್‌ಮನ್ಸ್ ಬ್ಯಾಂಕಿಗೆ ಸನ್ನದು ಕೊಟ್ಟಿತು. ಸರ್ಕಾರವೇ ಬೆನ್ನಿಗಿದೆಯೆಂದು ನಂಬಿ ಬಡವರು ಹಣ ತಂದಿಟ್ಟರು. ನಿರ್ವಾಹಕರು ಅದನ್ನು ಕಂಡಕಂಡ ಸಾಹಸಗಳಿಗೆ ಸಾಲವಾಗಿ ಹಂಚಿದರು. 1874ರಲ್ಲಿ ಬ್ಯಾಂಕು ಮುಚ್ಚಿದಾಗ ಅರವತ್ತು ಸಾವಿರಕ್ಕೂ ಹೆಚ್ಚು ಠೇವಣಿದಾರರಿಗೆ ಸುಮಾರು ಮೂವತ್ತು ಲಕ್ಷ ಡಾಲರ್ ಬಾಕಿಯಿತ್ತು. ಬ್ಯಾಂಕು ಎಂಬ ಮಾತು ಕೇಳಿದರೆ ಬೆಚ್ಚುವ ಒಂದು ತಲೆಮಾರು ಹೀಗೆ ಹುಟ್ಟಿತು.

ಮ್ಯಾಗಿ ಲೀನಾ ವಾಕರ್ ಹುಟ್ಟಿದ್ದು ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, 1864ರಲ್ಲಿ. ತಾಯಿ ಎಲಿಜಬೆತ್ ಗುಲಾಮಳಾಗಿದ್ದವಳು. ಮಲತಂದೆ ತೀರಿಕೊಂಡ ಮೇಲೆ ತಾಯಿ ಬಿಳಿಯರ ಮನೆಗಳ ಬಟ್ಟೆ ಒಗೆದು ಸಂಸಾರ ನಡೆಸಿದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ಬುಟ್ಟಿಯನ್ನು ಮನೆಮನೆಗೆ ಮುಟ್ಟಿಸುವುದು ಮಗಳ ಕೆಲಸ. ಇಂಥ ಮನೆಯಿಂದ ಬಂದ ಹುಡುಗಿ 1883ರಲ್ಲಿ ಕಪ್ಪುಜನರ ನಾರ್ಮಲ್ ಸ್ಕೂಲಿನಲ್ಲಿ ತೇರ್ಗಡೆಯಾದಳು. (ನಮ್ಮಲ್ಲಿಯೂ ಶಿಕ್ಷಕರ ತರಬೇತಿ ಶಾಲೆಗೆ ಹಿಂದೆ ಅದೇ ಹೆಸರಿತ್ತು.) ಬಿಳಿಯ ವಿದ್ಯಾರ್ಥಿಗಳ ಪದವಿ ಸಮಾರಂಭ ನಡೆಯುತ್ತಿದ್ದ ರಂಗಮಂದಿರದಲ್ಲಿಯೇ ತಮ್ಮ ಸಮಾರಂಭವೂ ನಡೆಯಬೇಕೆಂದು ಆ ತರಗತಿಯವರು ಹಟ ಹಿಡಿದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಮೂರು ವರ್ಷ ಪಾಠ ಹೇಳಿದಳು. 1886ರಲ್ಲಿ ಮದುವೆಯಾಯಿತು, ವಿವಾಹಿತ ಸ್ತ್ರೀಗೆ ಶಾಲೆಯಲ್ಲಿ ಸ್ಥಾನವಿರದಿದ್ದುದರಿಂದ ಉದ್ಯೋಗ ಹೋಯಿತು.

ಆಕೆ ಹುಡುಗಿಯಾಗಿದ್ದಾಗಲೇ ಸೇಂಟ್ ಲ್ಯೂಕ್ ಎಂಬ ಪರಸ್ಪರ ಸಹಾಯ ಸಂಘದ ಸದಸ್ಯೆಯಾಗಿದ್ದಳು. 1867ರಲ್ಲಿ ಬಾಲ್ಟಿಮೋರಿನಲ್ಲಿ ಮೇರಿ ಪ್ರೌಟ್ ಎಂಬಾಕೆ ಕಟ್ಟಿದ ಸಂಘವದು. ಸದಸ್ಯರು ಸಣ್ಣ ವಂತಿಗೆ ಕೊಡುವುದು, ಕಾಯಿಲೆ ಬಿದ್ದವರಿಗೂ ಸತ್ತವರ ಮನೆಯವರಿಗೂ ಸಂಘ ನೆರವಾಗುವುದು, ಇಷ್ಟೇ ಅದರ ಕಾರ್ಯ. ವಿಮಾ ಕಂಪನಿಗಳೂ ಆಸ್ಪತ್ರೆಗಳೂ ಮುಖ ತಿರುಗಿಸುತ್ತಿದ್ದ ಜನರಿಗೆ ಅಷ್ಟೇ ಬಹಳವಾಗಿತ್ತು. 1899ರಲ್ಲಿ ವಾಕರ್ ಅದರ ಮುಖ್ಯ ಕಾರ್ಯದರ್ಶಿಯಾದಾಗ ಖಜಾನೆಯಲ್ಲಿದ್ದದ್ದು 31 ಡಾಲರ್ 61 ಸೆಂಟು. ತೀರಿಸಬೇಕಾದ ಸಾಲ ಸುಮಾರು 400 ಡಾಲರ್. ಹಿಂದಿನವರಿಗೆ ವರ್ಷಕ್ಕೆ 300 ಡಾಲರ್ ಸಂಬಳವಿತ್ತು. ಈಕೆ ನೂರಕ್ಕೆ ಒಪ್ಪಿಕೊಂಡಳು.

ಎರಡು ವರ್ಷ ಕಳೆದ ಮೇಲೆ, 1901ರ ಸಮಾವೇಶದಲ್ಲಿ, ನಮಗೊಂದು ಪತ್ರಿಕೆ ಬೇಕು, ಬ್ಯಾಂಕು ಬೇಕು, ನಮ್ಮ ಹೆಣ್ಣುಮಕ್ಕಳಿಗೆ ಕೆಲಸ ಕೊಡುವ ಉದ್ದಿಮೆ ಬೇಕು ಎಂದು ಆಕೆ ಸದಸ್ಯರ ಮುಂದಿಟ್ಟಳು. ಕಾಲವನ್ನು ಗಮನಿಸಿ. ಪ್ರತ್ಯೇಕವಾಗಿಟ್ಟರೂ ಸಮಾನವಾಗಿದ್ದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯ 1896ರಲ್ಲಿ ತೀರ್ಪಿತ್ತಿತ್ತು. 1902ರ ವರ್ಜೀನಿಯಾದ ಹೊಸ ಸಂವಿಧಾನ ತಲೆಗಂದಾಯ, ತಿಳಿವಳಿಕೆಯ ಪರೀಕ್ಷೆ ಮುಂತಾದ ಉಪಾಯಗಳಿಂದ ಕಪ್ಪುಜನರ ಮತವನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. ಒಂದೊಂದೇ ಬಾಗಿಲು ಮುಚ್ಚುತ್ತಿದ್ದ ಹೊತ್ತಿನಲ್ಲಿ ಇವರು ತಮ್ಮ ಬಾಗಿಲುಗಳನ್ನು ತೆರೆಯಲು ಹೊರಟರು.

1902ರಲ್ಲಿ ಪತ್ರಿಕೆ ಬಂತು. ಬ್ಯಾಂಕಿನ ವಿದ್ಯೆ ಕಲಿಯಲು ವಾಕರ್ ಊರಿನ ಬಿಳಿಯರ ಬ್ಯಾಂಕೊಂದರಲ್ಲಿ ಹಲವು ದಿನ ಕುಳಿತು ಲೆಕ್ಕ ಬರೆಯುವ ಕ್ರಮವನ್ನು ಗಮನಿಸಿದಳು. 1903ರ ನವೆಂಬರ್ 2ರಂದು ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆಯಿತು. ಆ ದೇಶದಲ್ಲಿ ಸನ್ನದು ಪಡೆದು ಬ್ಯಾಂಕನ್ನು ಸ್ಥಾಪಿಸಿ ಅದರ ಅಧ್ಯಕ್ಷೆಯಾದ ಮೊದಲ ಮಹಿಳೆ ಈಕೆಯೆಂದು ಚರಿತ್ರೆ ಗುರುತಿಸುತ್ತದೆ. ಮೊದಲ ದಿನ ಸುಮಾರು 280 ಖಾತೆಗಳು. ಠೇವಣಿಯೂ ಷೇರು ಹಣವೂ ಸೇರಿ 9,300 ಡಾಲರಿಗೂ ಮಿಗಿಲು. ನೂರು ಡಾಲರಿಗಿಂತ ಹೆಚ್ಚು ತಂದವರಿದ್ದರು. ಮೂವತ್ತೊಂದು ಸೆಂಟು ಕೊಟ್ಟು ಖಾತೆ ತೆರೆದವರೊಬ್ಬರೂ ಇದ್ದರು. ಹನಿಹನಿ ಕೂಡಿದರೆ ಹಳ್ಳ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಫ್ರೀಡ್‌ಮನ್ಸ್ ಬ್ಯಾಂಕಿನ ನೆನಪು ಮಾಸದವರ ನಡುವೆ ಆ ಮೂವತ್ತೊಂದು ಸೆಂಟು ತಂದಿಟ್ಟವರ ಧೈರ್ಯ ಎಷ್ಟಿದ್ದಿರಬೇಕು!

ಬ್ಯಾಂಕು ಮನೆ ಕೊಳ್ಳುವವರಿಗೆ ಸಾಲ ಕೊಟ್ಟಿತು. 1920ರ ವೇಳೆಗೆ ಆರುನೂರಕ್ಕೂ ಹೆಚ್ಚು ಕುಟುಂಬಗಳು ಮನೆಯ ಸಾಲ ತೀರಿಸಿ ಸ್ವಂತ ಸೂರಿನ ಒಡೆಯರಾದವು. ಇನ್ನೊಂದು ಫಲ ಅಂಕಿಗಳಲ್ಲಿ ಕಾಣದು. ಬಟ್ಟೆ ಒಗೆಯುವುದೋ ಪರರ ಮನೆಯ ಅಡಿಗೆಯೋ ಅಲ್ಲದೆ ಬೇರೆ ದಾರಿಯಿಲ್ಲದ ಹೆಣ್ಣುಮಕ್ಕಳು ಗುಮಾಸ್ತೆಯರಾಗಿ, ಲೆಕ್ಕಪತ್ರ ಬರೆಯುವವರಾಗಿ ಮೇಜಿನ ಮುಂದೆ ಕುಳಿತರು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಖಾಂತ ನೀತಿಕಥೆಯಾದೀತು. ಬಿಳಿಯರು ದೂರವಿಟ್ಟದ್ದರಿಂದಲೇ ಕಪ್ಪು ವ್ಯಾಪಾರ ಬೆಳೆಯಿತು ಎಂದು ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. 1905ರಲ್ಲಿ ಬ್ರಾಡ್ ಸ್ಟ್ರೀಟಿನಲ್ಲಿ ಸಂಘ ಎಂಪೋರಿಯಮ್ ಎಂಬ ದೊಡ್ಡ ಬಟ್ಟೆಯಂಗಡಿ ತೆರೆಯಿತು. ಅಂಗಡಿ ತೆರೆಯದಿದ್ದರೆ ಹಣ ಕೊಡುತ್ತೇವೆಂದು ಬಿಳಿಯ ವರ್ತಕರು ಮೊದಲು ಆಮಿಷ ಒಡ್ಡಿದ್ದರು. ಆಮೇಲೆ ಒಟ್ಟುಗೂಡಿ, ಇವರಿಗೆ ಸರಕು ಕೊಡಬೇಡಿರೆಂದು ಸಗಟು ವ್ಯಾಪಾರಿಗಳ ಮೇಲೆ ಒತ್ತಡ ತಂದರು. ನಮ್ಮವರೇ ಸಾಕಷ್ಟು ಸಂಖ್ಯೆಯಲ್ಲಿ ಬರುತ್ತಿಲ್ಲವೆಂದು ವಾಕರ್ ನೊಂದು ಹೇಳಿದಳು. ಏಳು ವರ್ಷ ತುಂಬುವ ಮುನ್ನ ಅಂಗಡಿ ಮುಚ್ಚಿತು. ಪ್ರತ್ಯೇಕತೆಯ ಗೋಡೆ ಇವರನ್ನು ಒಳಗೆ ತಡೆಯಿತೇ ಹೊರತು ಹೊರಗಿನವರ ಕೈಯನ್ನು ತಡೆಯಲಿಲ್ಲ.

ಟ್ರಾಮಿನ ಪ್ರಸಂಗವೂ ಅಂಥದ್ದೇ. 1904ರಲ್ಲಿ ರಿಚ್ಮಂಡಿನ ಟ್ರಾಮ್ ಕಂಪನಿ ಕಪ್ಪು ಪ್ರಯಾಣಿಕರನ್ನು ಬೇರೆ ಕೂರಿಸತೊಡಗಿದಾಗ, ಜಾನ್ ಮಿಚೆಲ್ ಎಂಬ ಸಂಪಾದಕರ ಪತ್ರಿಕೆಯೂ ವಾಕರಳ ಪತ್ರಿಕೆಯೂ ಬಹಿಷ್ಕಾರಕ್ಕೆ ಕರೆಕೊಟ್ಟವು. ಜನ ನಡೆದೇ ಓಡಾಡಿದರು. ಮೊದಲೇ ಕುಂಟುತ್ತಿದ್ದ ಕಂಪನಿ ಅದೇ ವರ್ಷ ದಿವಾಳಿಯೆದ್ದಿತು. ಆದರೆ 1906ರಲ್ಲಿ ಶಾಸನಸಭೆ ಪ್ರತ್ಯೇಕ ಆಸನಗಳನ್ನು ರಾಜ್ಯದಾದ್ಯಂತ ಕಡ್ಡಾಯ ಮಾಡಿತು. ಜೇಬಿನ ಬಲದಿಂದ ಗೆದ್ದದ್ದನ್ನು ಮತದ ಬಲವಿಲ್ಲದೆ ಉಳಿಸಿಕೊಳ್ಳಲಾಗಲಿಲ್ಲ.

ವಾಕರಳಿಗೆ ಈ ಪಾಠ ಚೆನ್ನಾಗಿ ತಿಳಿದಿತ್ತು. 1920ರಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ಬಂದಾಗ ಕಪ್ಪು ಸ್ತ್ರೀಯರ ಹೆಸರುಗಳನ್ನು ಪಟ್ಟಿಗೆ ಸೇರಿಸಲು ದುಡಿದಳು. 1921ರಲ್ಲಿ, ರಿಪಬ್ಲಿಕನ್ ಪಕ್ಷ ಕಪ್ಪುಜನರನ್ನು ಹೊರಗಿಟ್ಟಾಗ, ಅವರೇ ಪ್ರತ್ಯೇಕ ಅಭ್ಯರ್ಥಿಗಳ ಪಟ್ಟಿ ಮಾಡಿದರು. ಗವರ್ನರ್ ಸ್ಥಾನಕ್ಕೆ ಮಿಚೆಲ್. ರಾಜ್ಯದ ವಿದ್ಯಾಭ್ಯಾಸ ಇಲಾಖೆಯ ಮುಖ್ಯಾಧಿಕಾರಿಯ ಸ್ಥಾನಕ್ಕೆ ವಾಕರ್. ಮದುವೆಯಾದಳೆಂದು ಶಾಲೆಯಿಂದ ಹೊರಬಿದ್ದವಳು ರಾಜ್ಯದ ಶಾಲೆಗಳಿಗೆಲ್ಲ ಮುಖ್ಯಸ್ಥೆಯಾಗಲು ನಿಂತಳು! ಸೋಲು ಮೊದಲೇ ಗೊತ್ತಿದ್ದ ಚುನಾವಣೆ ಅದು.

ಬ್ಯಾಂಕು ಉಳಿದದ್ದು ಲೆಕ್ಕದ ಶಿಸ್ತಿನಿಂದ. ಅದೇ ಊರಿನ ಇನ್ನೊಂದು ಸಂಘವಾದ ಟ್ರೂ ರಿಫಾರ್ಮರ್ಸ್‌ನ ಬ್ಯಾಂಕು 1910ರಲ್ಲಿಯೂ ಮಿಚೆಲರ ಬ್ಯಾಂಕು 1922ರಲ್ಲಿಯೂ ಮುಳುಗಿದವು. ಆರ್ಥಿಕ ಕುಸಿತದ ದಿನಗಳಲ್ಲಿ, 1930-31ರಲ್ಲಿ, ವಾಕರ್ ತನ್ನ ಬ್ಯಾಂಕನ್ನು ಊರಿನ ಇನ್ನೆರಡು ಕಪ್ಪು ಬ್ಯಾಂಕುಗಳೊಂದಿಗೆ ಕೂಡಿಸಿದಳು. ಆ ಹೊತ್ತಿಗೆ ಆಕೆ ಗಾಲಿಕುರ್ಚಿಯಲ್ಲಿದ್ದಳು. 1934ರಲ್ಲಿ ತೀರಿಕೊಳ್ಳುವವರೆಗೂ ಆಡಳಿತ ಮಂಡಳಿಯ ಅಧ್ಯಕ್ಷತೆ ಬಿಡಲಿಲ್ಲ. ಒಂದುಗೂಡಿದ ಆ ಬ್ಯಾಂಕು 2005ರವರೆಗೆ ಕಪ್ಪುಜನರ ಒಡೆತನದಲ್ಲಿಯೇ ನಡೆಯಿತು. ಆಕೆಯ ಬಡಾವಣೆಯಾದ ಜ್ಯಾಕ್ಸನ್ ವಾರ್ಡಿಗೆ ಆ ಭಾಗ್ಯವಿರಲಿಲ್ಲ. 1950ರ ದಶಕದಲ್ಲಿ ಹೆದ್ದಾರಿಯೊಂದನ್ನು ಅದರ ನಡುವೆಯೇ ಹಾಯಿಸಿದರು. ಸಾಲ ತೀರಿಸಿ ಉಳಿಸಿಕೊಂಡಿದ್ದ ಎಷ್ಟೋ ಮನೆಗಳು ನೆಲಸಮವಾದವು.

ಈಸ್ಟ್ ಲೀ ಸ್ಟ್ರೀಟಿನಲ್ಲಿರುವ ಆಕೆಯ ಮನೆ ಮಾತ್ರ ಉಳಿದಿದೆ. 1978ರಲ್ಲಿ ಅದನ್ನು ರಾಷ್ಟ್ರೀಯ ಚಾರಿತ್ರಿಕ ತಾಣವೆಂದು ಘೋಷಿಸಲಾಯಿತು. ಗಾಲಿಕುರ್ಚಿಗಾಗಿ ಆಕೆ ಹಾಕಿಸಿಕೊಂಡ ಲಿಫ್ಟು ಆ ಮನೆಯಲ್ಲಿದೆ. ವಾಷಿಂಗ್ಟನ್ನಿನಿಂದ ರಿಚ್ಮಂಡಿಗೆ ಸುಮಾರು ನೂರು ಮೈಲಿ. ಆ ಕಡೆ ನೆಲೆಸಿರುವ ನಮ್ಮ ಮಕ್ಕಳಲ್ಲಿ ಯಾರಾದರೂ ಹೋಗಿ ಬಂದರೆ, ಕಂಡದ್ದನ್ನು ನನಗೆ ಬರೆದು ತಿಳಿಸಿರಿ.