ಪರದೆ ಮಡಚಿದ ಮೇಲೆ...

ನಮ್ಮ ಸೂಳಗಿರಿಯ ಮಕ್ಕಳಿಗೆ ತರಗತಿಯಲ್ಲಿ ಕನ್ನಡ, ಬಸ್ ನಿಲ್ದಾಣದಲ್ಲಿ ತಮಿಳು, ಎಷ್ಟೋ ಮನೆಗಳಲ್ಲಿ ತೆಲುಗು. ಈ ಮೂರೂ ಭಾಷೆಗಳ ಸಿನಿಮಾ ಈಗ ಅಂಗೈಯಲ್ಲೇ ಸಿಗುತ್ತದೆ. ಆದರೆ ಸೋಮವಾರ "ಏನ್ರೋ, ಯಾವ ಸಿನಿಮಾ ನೋಡಿದ್ರಿ?" ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬ ನೋಡಿದ್ದನ್ನು ಇನ್ನೊಬ್ಬ ನೋಡಿರುವುದಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ. ಊರಿಗೆ ಊರೇ ಒಂದು ಪರದೆಯ ಮುಂದೆ ಕೂರುತ್ತಿದ್ದ ಕಾಲದ ಕಥೆ ಹೇಳೋಣ ಅನ್ನಿಸಿದ್ದು ಅದಕ್ಕೇ.

ಕಥೆ ನಾವಿರುವ ಈ ತಮಿಳುನಾಡಿನಲ್ಲೇ ಶುರುವಾಗುತ್ತದೆ. 1905ರಲ್ಲಿ ತಿರುಚ್ಚಿಯ ರೈಲ್ವೆ ನೌಕರ ಸಾಮಿಕಣ್ಣು ವಿನ್ಸೆಂಟ್ ಅವರು ಒಬ್ಬ ಫ್ರೆಂಚರಿಂದ ಪ್ರೊಜೆಕ್ಟರನ್ನೂ ಕೆಲವು ಮೂಕಿ ಚಿತ್ರಗಳನ್ನೂ ಕೊಂಡು ಊರೂರು ಸುತ್ತಿದರು. ಆಮೇಲೆ ಬಂದವು ಟೂರಿಂಗ್ ಟಾಕೀಸುಗಳು, ನಮ್ಮ ಹಿರಿಯರ ಬಾಯಲ್ಲಿ ಟೆಂಟ್ ಸಿನಿಮಾ. ತಮಿಳರೆಲ್ಲ ಒಂದೇ ಸೂರಿನಡಿ ಕೂತ ಮೊದಲ ಪ್ರದರ್ಶನದ ಜಾಗ ಸಿನಿಮಾ ಕೊಟ್ಟಿಗೆಯೇ ಎಂದು ವಿದ್ವಾಂಸ ಕಾ. ಶಿವತಂಬಿ ಗುರುತಿಸಿದ್ದಾರೆ. ನೆಲವೋ ಕುರ್ಚಿಯೋ ಎಂಬುದನ್ನು ನಿರ್ಧರಿಸುತ್ತಿದ್ದುದು ಕೈಲಿದ್ದ ಕಾಸು, ಹುಟ್ಟಿದ ಜಾತಿಯಲ್ಲ. ಸಣ್ಣ ಬದಲಾವಣೆಯೇನಲ್ಲ ಬಿಡಿ.

ಸ್ವಾತಂತ್ರ್ಯದ ನಂತರ ಸರ್ಕಾರಿ ಪ್ರಚಾರದ ವ್ಯಾನುಗಳೂ ಹಳ್ಳಿಗೆ ಬಂದವು. ಆರೋಗ್ಯ, ಕುಟುಂಬ ಯೋಜನೆ, ಬೇಸಾಯ ಎಂದು ಸಾಕ್ಷ್ಯಚಿತ್ರ ತೋರಿಸಿ ಹೊರಟುಹೋಗುತ್ತಿದ್ದವು. ಹೇಳುವವರು ಅವರು, ಕೇಳುವವರು ನಾವು. ನೋಡಿದ ಜನ ಏನಂದುಕೊಂಡರು ಎಂದು ಕೇಳಲು ವ್ಯಾನು ನಿಲ್ಲುತ್ತಿರಲಿಲ್ಲ.

ಹಾಗೆ ನಿಂತು ಕೇಳಿದ ಊರು ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ನಾಟಕಕ್ಕೆಂದು ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಜೊತೆಯಾದರು. ಅಡಿಕೆ ತೋಟದ ಜನ 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೋಮನ್' ನೋಡಿದರು. "ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತಾ?" ಎಂದು ಪೇಟೆಯವರಿಗೆ ಅನುಮಾನ ಬರುವುದು ಸಹಜ. ಆದರೆ ಸೈಕಲ್ ಕಳೆದುಕೊಂಡವನ ಸಂಕಟಕ್ಕೆ ಇಟಲಿ ಭಾಷೆ ಬರಬೇಕೆ? ನೋಡುವುದು ಅರ್ಧ ಕೆಲಸ, ನೋಡಿದ್ದರ ಬಗ್ಗೆ ಕೂತು ಮಾತಾಡುವುದು ಇನ್ನರ್ಧ ಎಂಬುದು ಅಲ್ಲಿನ ರಸಗ್ರಹಣ ಶಿಬಿರಗಳ ಪಾಠ. 1980ರ ದಶಕದಲ್ಲಿ 'ಜನಸ್ಪಂದನ' ಯೋಜನೆ ಇದನ್ನೇ ಬೇರೆ ಊರುಗಳಿಗೂ ಒಯ್ದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾಯರ್ ಅವರ ಕುರಿತ 2012ರ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಚಿತ್ರಗಳನ್ನು ನೆನಪಿಸಿಕೊಂಡು ಮಾತಾಡುತ್ತಾರೆ, ದಶಕಗಳ ನಂತರವೂ!

ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಊರೂರಲ್ಲಿ ಚಿತ್ರ ತೋರಿಸಿ, ಜನರಿಂದಲೇ ಚಿಲ್ಲರೆ ಕಾಸು ಕೂಡಿಸಿ, 1986ರಲ್ಲಿ 'ಅಮ್ಮ ಅರಿಯಾನ್' ಎಂಬ ಚಿತ್ರವನ್ನೇ ತೆಗೆಯಿತು. ನೋಡುಗರೇ ನಿರ್ಮಾಪಕರಾದರು.

ಇಷ್ಟೆಲ್ಲ ಏಕೆ ಹೇಳಿದೆವೆಂದರೆ, ಗಡಿಯಲ್ಲಿರುವ ನಮಗೆ ಈ ಪಾಠ ಹೆಚ್ಚು ಬೇಕು. ಒಂದೇ ಬೀದಿಯ ಮಕ್ಕಳು ಬೇರೆ ಬೇರೆ ಮಾಧ್ಯಮದ ಶಾಲೆಗಳಿಗೆ ಹೋಗುತ್ತಾರೆ. ಬೆಳೆಯುತ್ತಾ ಬೆಳೆಯುತ್ತಾ ಒಬ್ಬರಿಗೊಬ್ಬರು ಅಪರಿಚಿತರಾಗುತ್ತಾರೆ. ಒಂದು ಸಂಜೆ ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಚಾಪ್ಲಿನ್‌ನ ಮೂಕಿ ಚಿತ್ರ ಹಾಕಿದರೆ ಮೂರೂ ಭಾಷೆಯ ಮಕ್ಕಳು ಒಟ್ಟಿಗೆ ನಗುತ್ತಾರೆ. ಅವರ ಅಪ್ಪ ಅಮ್ಮಂದಿರೂ ಬಂದಾರು. ನಮ್ಮ ಷರತ್ತು ಒಂದೇ: ಪರದೆ ಮಡಚಿದ ಮೇಲೆ ಹತ್ತು ನಿಮಿಷ ಯಾರೂ ಎದ್ದು ಹೋಗಬಾರದು. ಯಾವ ಭಾಷೆಯಲ್ಲಾದರೂ ಸರಿ, ಮಾತಾಡಬೇಕು.

ನಿಮ್ಮೂರಲ್ಲೂ ಒಂದು ಗೋಡೆ ಇದ್ದೇ ಇರುತ್ತದೆ. ಏನಂತೀರಿ?