ವಿಶ್ವವಿದ್ಯಾಲಯದ ಲೆಕ್ಕ ಕೇಳುವವರು ಯಾರು?

ಕೊಡಗಿನ ಪದವೀಧರರ ಪ್ರಮಾಣಪತ್ರಗಳು ಮುಕ್ಕಾಲು ಶತಮಾನದಲ್ಲಿ ನಾಲ್ಕು ವಿಶ್ವವಿದ್ಯಾಲಯಗಳ ಮೊಹರು ಕಂಡಿವೆ. 1949ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾದಾಗ ಅದು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದ ಮೇಲೆ ಮೈಸೂರಿನ ಮೊಹರು ಬಂತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗ ನಮ್ಮ ಕಾಲೇಜುಗಳು ಕೊಣಾಜೆಯ ಕಡೆಗೆ ಮುಖ ಮಾಡಿದವು. 2023ರಲ್ಲಿ, ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದ ಚಿಕ್ಕ ಅಳುವಾರದ ಜ್ಞಾನ ಕಾವೇರಿ ಆವರಣವೇ ಕೊಡಗು ವಿಶ್ವವಿದ್ಯಾಲಯವಾಯಿತು.

ಮದರಾಸಿನಿಂದ ಚಿಕ್ಕ ಅಳುವಾರಕ್ಕೆ ಬರುವಷ್ಟರಲ್ಲಿ ವಿದ್ಯಾರ್ಥಿಗೂ ವಿಶ್ವವಿದ್ಯಾಲಯಕ್ಕೂ ನಡುವಿನ ದಾರಿ ತುಂಬ ಕಡಿಮೆಯಾಗಿದೆ. ಆದರೆ ಆ ವಿಶ್ವವಿದ್ಯಾಲಯದ ಖರ್ಚುವೆಚ್ಚವನ್ನು ಪ್ರಶ್ನಿಸುವ ದಾರಿಯೂ ಹಾಗೆಯೇ ಕಡಿಮೆಯಾಯಿತೇ? ಈ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಕಂಡದ್ದು ಇದಕ್ಕೆ ವಿರುದ್ಧವಾದ ಚಿತ್ರ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಅದು ಅರಸರ ಕಾಲ, ಪ್ರಜಾಪ್ರಭುತ್ವವಲ್ಲ. ಆದರೂ ಅಂದಿನ ವಿಶ್ವವಿದ್ಯಾಲಯದ ಕಲ್ಪನೆಯಲ್ಲಿ ಎರಡು ಸಭೆಗಳಿದ್ದವು. ದಿನನಿತ್ಯದ ಆಡಳಿತ ನೋಡುವ ಚಿಕ್ಕ ಕೌನ್ಸಿಲ್ ಅಥವಾ ಸಿಂಡಿಕೇಟ್ ಒಂದು. ಅದರ ಮೇಲೆ ಕಣ್ಣಿಡುವ, ಹೊರಗಿನವರಿಗೂ ಜಾಗವಿದ್ದ ದೊಡ್ಡ ಸೆನೆಟ್ ಇನ್ನೊಂದು. ನೋಂದಾಯಿತ ಪದವೀಧರರು ಸೆನೆಟ್ಟಿಗೆ ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳಿಸುವ ಪದ್ಧತಿ ಭಾರತದ ವಿಶ್ವವಿದ್ಯಾಲಯಗಳಲ್ಲಿ ಬೆಳೆದದ್ದು ಹೀಗೆ. ಖರ್ಚು ಮಾಡುವ ಸಭೆ ಬೇರೆ, ಖರ್ಚಿನ ಬಗ್ಗೆ ಮಾತಾಡುವ ಸಭೆ ಬೇರೆ ಎಂಬುದು ಅದರ ಹಿಂದಿನ ಸರಳ ತತ್ವ.

ಸೆನೆಟ್ಟುಗಳು ಆದರ್ಶವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಪದವಿ ಇದ್ದವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಪದವೀಧರರ ಮತವೆಂದರೆ ಕೆಲವೇ ಜಾತಿಗಳ, ಬಹುಮಟ್ಟಿಗೆ ಗಂಡಸರ ಮತ. ಮುಂದೆ ಅಲ್ಲಿ ಚುನಾವಣಾ ರಾಜಕೀಯವೂ ಸೇರಿತು. ಈ ದೋಷಗಳಿಗೆ ಮದ್ದು ಸಭೆಯ ಬಾಗಿಲನ್ನು ಇನ್ನಷ್ಟು ಅಗಲ ಮಾಡುವುದಾಗಿತ್ತು. ನಾವು ಬಾಗಿಲನ್ನೇ ಕಿತ್ತು ಗೋಡೆ ಕಟ್ಟಿದೆವು. 1976ರ ಕಾಯ್ದೆಯ ಬದಲಿಗೆ ಬಂದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರಲ್ಲಿ ಸೆನೆಟ್ ಇಲ್ಲ. ಉಳಿದದ್ದು ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿ ಇತ್ಯಾದಿ. ಸಿಂಡಿಕೇಟಿನ ಅಧ್ಯಕ್ಷರು ಕುಲಪತಿಗಳೇ. ಹೊರಗಿನಿಂದ ಬರುವ ಸದಸ್ಯರು ಸರ್ಕಾರದ, ರಾಜ್ಯಪಾಲರ ನಾಮನಿರ್ದೇಶಿತರು. ಸರ್ಕಾರ ಬದಲಾದರೆ ಅವರೂ ಬದಲಾಗುತ್ತಾರೆ. ಲೆಕ್ಕಪರಿಶೋಧನೆ ನಡೆಯುತ್ತದೆ, ವಾರ್ಷಿಕ ವರದಿ ವಿಧಾನಮಂಡಲಕ್ಕೆ ಹೋಗುತ್ತದೆ. ಆದರೆ ಶುಲ್ಕ ಕಟ್ಟಿದ ವಿದ್ಯಾರ್ಥಿ ಆ ವರದಿಯನ್ನು ಎದುರಿಗಿಟ್ಟುಕೊಂಡು ಪ್ರಶ್ನೆ ಕೇಳಬಹುದಾದ ಸಭೆ ಯಾವುದು?

ನಮ್ಮ ಪಾಲಿಬೆಟ್ಟದ ಒಂದು ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇದು ಕಾಫಿ ತೋಟಗಳ ಊರು. 1943ರಲ್ಲಿ ನೋಂದಣಿಯಾದ ಕನ್ಸಾಲಿಡೇಟೆಡ್ ಕಾಫಿ, ಮುಂದೆ ಟಾಟಾ ಕಾಫಿ ಎಂದು ಹೆಸರಾದ ಕಂಪನಿಯ ನೋಂದಾಯಿತ ಕಚೇರಿ ಇದ್ದದ್ದು ಈ ಪುಟ್ಟ ಊರಿನಲ್ಲಿ. ಅಂಥ ಕಂಪನಿಯಲ್ಲಿ ಹತ್ತು ಷೇರು ಇಟ್ಟುಕೊಂಡವರಿಗೂ ವರ್ಷಕ್ಕೊಮ್ಮೆ ಆಯವ್ಯಯ ಪಟ್ಟಿ ತಲುಪಬೇಕು, ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕಿರಬೇಕು ಎನ್ನುತ್ತದೆ ಕಂಪನಿ ಕಾನೂನು. ತೋಟದಲ್ಲಿ ಹಣ್ಣು ಕೊಯ್ಯುವವರಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ ಎಂಬುದೂ ನಿಜ. ಆದರೆ ಅದೇ ಕೂಲಿಯ ದುಡ್ಡಿನಲ್ಲಿ ಮಗಳ ಶುಲ್ಕ ಕಟ್ಟಿದಾಗ, ಸಾರ್ವಜನಿಕ ಎಂದು ಕರೆಸಿಕೊಳ್ಳುವ ವಿಶ್ವವಿದ್ಯಾಲಯದಲ್ಲೂ ಅವರಿಗೆ ಜಾಗವಿಲ್ಲ. ಖಾಸಗಿ ಕಂಪನಿಯ ಪಾಲುದಾರನಿಗಿರುವಷ್ಟು ಹಕ್ಕು ಸಾರ್ವಜನಿಕ ಸಂಸ್ಥೆಯ ನಿಜವಾದ ಪಾಲುದಾರರಿಗೆ ಇಲ್ಲದಿರುವುದು ವಿಚಿತ್ರವಲ್ಲವೇ?

ಯಾರೂ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಥೆ ಸಾಕ್ಷಿ. 1996ರಲ್ಲಿ, ಕೆಲಸ ಮಾಡುತ್ತಲೇ ಓದುವವರಿಗಾಗಿ ಹುಟ್ಟಿದ ಸಂಸ್ಥೆ ಅದು. ಅದು ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ರಾಜ್ಯದ ಗಡಿಯಾಚೆಗೂ ಕೋರ್ಸುಗಳನ್ನು ಹಬ್ಬಿಸಿತು. ನಿಯಮ ಮೀರಿದ್ದಕ್ಕೆ ಯುಜಿಸಿ 2015ರಲ್ಲಿ, 2012-13ರ ನಂತರದ ಅವಧಿಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಒಪ್ಪಂದಗಳಿಗೆ ಸಹಿ ಹಾಕಿದ್ದು ಆಡಳಿತ. ದಂಡ ತೆತ್ತವರು ಮಾತ್ರ ಆ ನಡುವಿನ ವರ್ಷಗಳಲ್ಲಿ ದಾಖಲಾದ ವಿದ್ಯಾರ್ಥಿಗಳು. ಪದವಿ ಪತ್ರ ಕೈಯಲ್ಲಿದ್ದರೂ ಕೆಲಸಕ್ಕೆ, ಬಡ್ತಿಗೆ ಅದು ನಡೆಯುತ್ತದೋ ಇಲ್ಲವೋ ಎಂದು ಅವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಆ ಒಪ್ಪಂದಗಳು ಸಹಿಗೆ ಮುಂಚೆ ಒಂದು ತೆರೆದ ಸಭೆಯಲ್ಲಿ ಚರ್ಚೆಯಾಗಿದ್ದರೆ ಎಂದು ನಾನು ಯೋಚಿಸುವುದುಂಟು.

ಈಗ ಕೊಡಗಿಗೆ ಬರೋಣ. ಹೊಸ ವಿವಿ ಕಣ್ಣುಬಿಟ್ಟು ಎರಡು ವರ್ಷವಾಗುವಷ್ಟರಲ್ಲಿ, 2025ರ ಆರಂಭದಲ್ಲಿ, ಸಚಿವ ಸಂಪುಟ ಉಪಸಮಿತಿ ಕೊಡಗು ಸೇರಿದಂತೆ ಹೊಸದಾಗಿ ಹುಟ್ಟಿದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಪ್ರಸ್ತಾಪಕ್ಕೆ ಒಲವು ತೋರಿತು. ಹಣವಿಲ್ಲ, ಭೂಮಿಯಿಲ್ಲ, ಬೋಧಕರಿಲ್ಲ ಎಂಬುದು ಕಾರಣ. ಕೊಡಗಿನಲ್ಲಿ ಪ್ರತಿಭಟನೆ ನಡೆಯಿತು, ನಡೆಯಬೇಕಾದದ್ದೇ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಹುಡುಗಿಯರಿಗೆ ಹತ್ತಿರದಲ್ಲೊಂದು ಎಂಎ ತರಗತಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು.

ಆದರೆ ಆ ಗದ್ದಲದಲ್ಲಿ ಕೇಳಿಸಿದ್ದು ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ. ಹಣ ಇಡದೆ ವಿಶ್ವವಿದ್ಯಾಲಯ ಘೋಷಿಸಿದ್ದು ಒಂದು ಸರ್ಕಾರ, ಹಣ ಇಲ್ಲವೆಂದು ಮುಚ್ಚಲು ಹೊರಟಿದ್ದು ಇನ್ನೊಂದು. ಎಷ್ಟು ಬಂತು, ಎಲ್ಲಿಗೆ ಹೋಯಿತು, ಒಬ್ಬ ಅತಿಥಿ ಉಪನ್ಯಾಸಕರಿಗೆ ಎಷ್ಟು ಸಂದಿತು, ಪರೀಕ್ಷಾ ಶುಲ್ಕದಿಂದ ಎಷ್ಟು ಕೂಡಿತು ಎಂಬ ಪಟ್ಟಿಯನ್ನು ಮುಂದಿಟ್ಟುಕೊಂಡು ವಾದ ನಡೆಯಲಿಲ್ಲ. ಲೆಕ್ಕ ತಿಳಿಯದೆ ಮುಚ್ಚುವುದು ಅನ್ಯಾಯ. ಲೆಕ್ಕ ಕೇಳದೆ ಉಳಿಸಿಕೊಳ್ಳುವುದೂ ಅಪಾಯವೇ, ಏಕೆಂದರೆ ಅದೇ ಕಾರಣ ಮುಂದೆ ಮತ್ತೆ ಎದುರಾಗುತ್ತದೆ.

ದಾರಿಗಳು ಪೂರ್ತಿ ಮುಚ್ಚಿಲ್ಲ. ಖರೀದಿಗಳಿಗೆ 1999ರ ಪಾರದರ್ಶಕತಾ ಕಾಯ್ದೆಯಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣದಂತೆ ಬಜೆಟ್ಟು, ಅಧಿಕಾರಿಗಳ ಸಂಬಳ, ನಿರ್ಧಾರ ಕೈಗೊಳ್ಳುವ ವಿಧಾನ ಇವನ್ನೆಲ್ಲ ವಿಶ್ವವಿದ್ಯಾಲಯ ಯಾರೂ ಕೇಳದೆಯೇ ಪ್ರಕಟಿಸಬೇಕು. ಕೇಳಿದ್ದಕ್ಕೆ 30 ದಿನದಲ್ಲಿ ಉತ್ತರ ಕೊಡಬೇಕು. ಹತ್ತು ರೂಪಾಯಿಯ ಒಂದು ಅರ್ಜಿ ಸಾಕು. ಆದರೆ ಅರ್ಜಿ ಹಾಕುವವರು ಒಬ್ಬೊಬ್ಬರೇ. ಆಂತರಿಕ ಅಂಕ, ಸಂಶೋಧನಾ ಪ್ರಬಂಧ, ಶಿಷ್ಯವೇತನ ಎಲ್ಲವೂ ಅದೇ ಆಡಳಿತದ ಕೈಯಲ್ಲಿರುವಾಗ ವಿದ್ಯಾರ್ಥಿ ಹಿಂಜರಿಯುವುದು ಸಹಜ. ಸಂಶೋಧನಾ ವಿದ್ಯಾರ್ಥಿಯಾದ ನನಗೆ ಆ ಹಿಂಜರಿಕೆಯ ಪರಿಚಯ ಚೆನ್ನಾಗಿಯೇ ಇದೆ. ಅದಕ್ಕೇ ಬೇಕಿರುವುದು ಸಭೆ. ಅಲ್ಲಿ ಪ್ರಶ್ನೆ ಒಬ್ಬರದಾಗಿ ಉಳಿಯುವುದಿಲ್ಲ.

ವರ್ಷಕ್ಕೊಂದು ದಿನ, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಪೋಷಕರು, ಅಧ್ಯಾಪಕರು ಕೂತು ವಿಶ್ವವಿದ್ಯಾಲಯದ ಆಯವ್ಯಯವನ್ನು ಕನ್ನಡದಲ್ಲಿ ಓದಿಸಿ ಕೇಳುವ ಸಭೆಯೊಂದನ್ನು ಕಾಯ್ದೆಗೆ ಸೇರಿಸಿದರೆ ಬೊಕ್ಕಸಕ್ಕೆ ಹೆಚ್ಚೇನೂ ಹೊರೆಯಾಗದು. ನಮ್ಮ ಗ್ರಾಮ ಪಂಚಾಯಿತಿಗಳು ಗ್ರಾಮಸಭೆ ಕರೆದು ಜನರ ಮುಂದೆ ಲೆಕ್ಕ ಇಡಬೇಕೆಂದು ಕಾನೂನು ಹೇಳುತ್ತದೆ. ಪಾಲಿಬೆಟ್ಟದ ಪಂಚಾಯಿತಿಯನ್ನು ಕಟ್ಟಿಹಾಕುವ ನಿಯಮ ಚಿಕ್ಕ ಅಳುವಾರಕ್ಕೆ, ಕೊಣಾಜೆಗೆ, ಮಾನಸಗಂಗೋತ್ರಿಗೆ ಯಾಕೆ ಬೇಡ?