ಅಧ್ಯಾಪಕರ ಪುನಶ್ಚೇತನ ಶಿಕ್ಷಣವೂ ಪದೋನ್ನತಿಯೂ

ಹಿಂದೆ ಎಂ.ಎ. ತೇರ್ಗಡೆಯಾದವನು ಬೋಧನಕ್ರಮದ ಯಾವ ಶಿಕ್ಷಣವೂ ಇಲ್ಲದೆ ನೇರವಾಗಿ ಕಾಲೇಜಿನ ತರಗತಿಯನ್ನು ಪ್ರವೇಶಿಸುತ್ತಿದ್ದನು. 1964–66ರ ಕೊಠಾರಿ ಆಯೋಗವು ಈ ಕೊರತೆಯನ್ನು ಗುರುತಿಸಿ, ಹೊಸ ಅಧ್ಯಾಪಕರಿಗೆ ಕೆಲವು ವಾರಗಳ ತರಬೇತಿಯೂ, ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಅದಕ್ಕೆಂದೇ ಒಂದು ಸ್ಥಿರಸಂಸ್ಥೆಯೂ ಇರಬೇಕೆಂದು ಸೂಚಿಸಿತು. ಸೂಚನೆಯು ಕಾರ್ಯರೂಪಕ್ಕೆ ಬರಲು ಸುಮಾರು 20 ವರ್ಷಗಳು ಹಿಡಿದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ, 1987ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ಯೋಜನೆಯನ್ನು ಕೈಗೊಂಡಿತು.

ಆದರೆ ಇದರ ನಿಜವಾದ ಮಹತ್ತ್ವವು ಅದೇ ಕಾಲದ ಪದೋನ್ನತಿ ನಿಯಮಗಳಲ್ಲಿದೆಯೆಂದು ನಾವು ಭಾವಿಸುತ್ತೇವೆ. ಅದುವರೆಗೆ ಮೇಲಿನ ಹುದ್ದೆ ತೆರವಾಗದೆ ಉಪನ್ಯಾಸಕನಿಗೆ ಬಹುಮಟ್ಟಿಗೆ ಏಳಿಗೆಯಿರಲಿಲ್ಲ. ಎಷ್ಟೋ ಮಂದಿ ಸಮರ್ಥರು ಉಪನ್ಯಾಸಕರಾಗಿಯೇ ನಿವೃತ್ತರಾದರು. ಹೊಸ ನಿಯಮದಂತೆ ನಿಗದಿತ ಸೇವೆಯನ್ನೂ ಪುನಶ್ಚೇತನ ಶಿಬಿರಗಳನ್ನೂ ಪೂರೈಸಿದವನು, ತೆರವಿಗೆ ಕಾಯದೆ, ಹಿರಿಯ ಶ್ರೇಣಿಗೆ ಅರ್ಹನಾದನು. ಏಳಿಗೆಯು ಪರರ ನಿವೃತ್ತಿಯನ್ನು ಬಿಟ್ಟು ಸ್ವಂತ ಕಲಿಕೆಯನ್ನು ಆಶ್ರಯಿಸಿತು.

ಈ ಲಾಭದೊಡನೆ ಒಂದು ಅಪಾಯವೂ ಬಂದಿತು. ಕಲಿಕೆಯು ಬಡ್ತಿಯ ಷರತ್ತಾದಾಗ, ಪ್ರಮಾಣಪತ್ರವೇ ಗುರಿಯಾಗಿ ಕಲಿಕೆಯು ನೆಪವಾಗಬಹುದು. 2023ರಲ್ಲಿ ಈ ಕೇಂದ್ರಗಳು ಮಾಳವೀಯ ಮಿಷನ್ನಿನ ಹೆಸರನ್ನು ತಳೆದವು. ಹೆಸರು ಬದಲಾದರೂ ಪ್ರಶ್ನೆಯು ಹಳೆಯದೇ: ಶಿಬಿರದಿಂದ ಮರಳಿದ ಅಧ್ಯಾಪಕನ ಪಾಠದಲ್ಲಿ ವಿದ್ಯಾರ್ಥಿಯು ಏನಾದರೂ ಹೊಸತನ್ನು ಕಂಡನೆ? ಇದಕ್ಕೆ ಉತ್ತರವು ಸೇವಾಪುಸ್ತಕದಲ್ಲಿ ದೊರೆಯದು, ತರಗತಿಯಲ್ಲಿಯೇ ದೊರೆಯಬೇಕು.